ಸಂಪಾದಕರ ಉತ್ತರ: ಆಟ ಮಗುವಿನ ಕೈಗೆ ಯಾವ ಕೆಲಸ ಕೊಡುತ್ತದೆ?

ಧಾರವಾಡದ ಓದುಗರೊಬ್ಬರು, ವೃತ್ತಿಯಿಂದ ಹೈಸ್ಕೂಲು ಶಿಕ್ಷಕಿ, ಬರೆದಿದ್ದಾರೆ: ‘ಗುಲಾಮರನ್ನು ಹಡಗಿಗೆ ತುಂಬಿಸುವ ವಿಡಿಯೊ ಗೇಮ್ ಒಂದು ಹಿಂದೆ ಬಂದಿತ್ತೆಂದು ಓದಿ ಮೈ ಜುಮ್ಮೆಂದಿತು. ಹದಿಮೂರು ವರ್ಷದ ನನ್ನ ಮಗನೂ ನಾಜಿಗಳ ಕಾಲದ ಯಾವುದೋ ಆಟದಲ್ಲಿ ಮುಳುಗಿರುತ್ತಾನೆ. ನೊಂದವರ ಸಂಕಟ ಮಕ್ಕಳಿಗೆ ಆಟದ ಸಾಮಾನಾಗಬಾರದು. ಇಂಥ ವಸ್ತುವನ್ನೇ ನಿಷೇಧಿಸಬೇಕು.’

ಮಾನ್ಯರೇ,

ನಿಮ್ಮ ಕಳವಳ ಪ್ರಾಮಾಣಿಕವಾದದ್ದು, ಅದಕ್ಕೆ ಆಧಾರವೂ ಇದೆ. ಡೆನ್ಮಾರ್ಕಿನ ಕಂಪನಿಯೊಂದು ಮಕ್ಕಳಿಗೆ ಇತಿಹಾಸ ಕಲಿಸಲೆಂದೇ ರೂಪಿಸಿದ ಆ ಆಟದಲ್ಲಿ, ಆಫ್ರಿಕನ್ನರ ದೇಹಗಳನ್ನು ಟೆಟ್ರಿಸ್ ಎಂಬ ಜೋಡಣೆಯ ಆಟದ ತುಂಡುಗಳಂತೆ ಹಡಗಿನ ಒಡಲಲ್ಲಿ ಒತ್ತೊತ್ತಾಗಿ ಜೋಡಿಸುವ ಒಂದು ಭಾಗವಿತ್ತು. 2015ರಲ್ಲಿ ಗದ್ದಲವೆದ್ದ ಮೇಲೆ ಅದನ್ನು ತೆಗೆದುಹಾಕಿದರು. ತೆಗೆದದ್ದು ಸರಿಯಾಯಿತು. ಆದರೆ ಇದೊಂದನ್ನು ಮುಂದಿಟ್ಟುಕೊಂಡು ನೀವು ‘ತೋರಿಸಲೇಬಾರದು’ ಎನ್ನುವಲ್ಲಿಗೆ ಹೋಗುತ್ತೀರಿ. ಅಲ್ಲಿಗೆ ನಾನು ನಿಮ್ಮ ಜೊತೆ ಬರಲಾರೆ.

ಗುಲಾಮರನ್ನು ಸಾಗಿಸುತ್ತಿದ್ದ ಬ್ರೂಕ್ಸ್ ಎಂಬ ಇಂಗ್ಲೆಂಡಿನ ಲಿವರ್‌ಪೂಲ್ ಹಡಗಿನ ನಕ್ಷೆಯನ್ನು ಗುಲಾಮಗಿರಿಯ ವಿರೋಧಿಗಳು 1788ರಲ್ಲಿ ಅಚ್ಚು ಹಾಕಿಸಿ ಹಂಚಿದ್ದರು. ಅದರಲ್ಲಿ ಒಬ್ಬ ಗಂಡಸಿಗೆ ಲೆಕ್ಕ ಹಿಡಿದ ಜಾಗ 6 ಅಡಿ ಉದ್ದ, 16 ಅಂಗುಲ ಅಗಲ. ಡೆನ್ಮಾರ್ಕಿನ ಆಟದ ಸುದ್ದಿ ಓದಿದ ವಾರ ನಮ್ಮ ಅಕ್ಕನ ಮಗ ಮನೆಗೆ ಬಂದಿದ್ದ, ಅವನಿಗಾಗ ಹದಿನಾಲ್ಕು. ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಅಷ್ಟೇ ಅಳತೆಯ ಗೆರೆ ಎಳೆದು ಅವನನ್ನು ಮಲಗಿಸಿದೆ. ಕೈಗಳನ್ನು ಎದೆಯ ಮೇಲೆ ಮಡಚಿಕೊಂಡರೂ ಒಂದು ತೋಳು ಗೆರೆ ದಾಟಿತು. ಪಕ್ಕದವನು ಎಲ್ಲಿ ಮಲಗುತ್ತಾನೆಂದು ಕೇಳಿದ. ಗೆರೆಗೆ ಅಂಟಿಕೊಂಡೇ ಎಂದೆ. ಎಷ್ಟು ದಿನ ಎಂದ. ಒಂದೆರಡು ತಿಂಗಳು ಎಂದೆ. ಹುಡುಗ ತಕ್ಷಣ ಏಳಲಿಲ್ಲ, ಸೂರು ನೋಡುತ್ತ ಸ್ವಲ್ಪ ಹೊತ್ತು ಹಾಗೆಯೇ ಮಲಗಿದ್ದ.

ಆ ಆಟ ಹೇಳಹೊರಟದ್ದೂ ಇದೇ ಇಕ್ಕಟ್ಟನ್ನು. ಆದರೆ ಅದು ಮಗುವಿನ ಕೈಗೆ ಸರಕು ತುಂಬುವವನ ಕೆಲಸ ಕೊಟ್ಟು, ಚೆನ್ನಾಗಿ ತುಂಬಿದ್ದನ್ನು ಗೆಲುವೆಂದಿತು. ನಾವು ತಕರಾರು ಮಾಡಬೇಕಾದದ್ದು ಅಲ್ಲಿ.

ಇನ್ನು ನಾಜಿಗಳ ಕಾಲದ ಮಾತು. ಪ್ರಾಗಿನ ಚಾರ್ಲ್ಸ್ ವಿಶ್ವವಿದ್ಯಾಲಯವೂ ಜೆಕ್ ವಿಜ್ಞಾನ ಅಕಾಡೆಮಿಯೂ ಸೇರಿ 2017ರಲ್ಲಿ ‘ಅಟೆಂಟಾಟ್ 1942’ ಎಂಬ ಆಟವನ್ನು ಹೊರತಂದವು. ನಾಜಿ ಅಧಿಕಾರಿ ಹೈಡ್ರಿಕ್‌ನ ಹತ್ಯೆಗೆ ಪ್ರತೀಕಾರವಾಗಿ ಲಿಡಿಟ್ಸೆ ಎಂಬ ಜೆಕ್ ಹಳ್ಳಿಯಲ್ಲಿ 173 ಗಂಡಸರನ್ನು ಗುಂಡಿಕ್ಕಿ ಕೊಂದ ಕಾಲದ ಕಥೆ ಅದು. ಆಡುವವನು ಅಲ್ಲಿ ಯಾರಿಗೂ ಗುಂಡು ಹೊಡೆಯುವುದಿಲ್ಲ. ಅವನೊಬ್ಬ ಮೊಮ್ಮಗ, ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊದವರು ಅಜ್ಜನನ್ನು ಯಾಕೆ ಹಿಡಿದೊಯ್ದರೆಂದು ಅಜ್ಜಿಯನ್ನೂ ಆ ಕಾಲ ಕಂಡ ಉಳಿದವರನ್ನೂ ಕೇಳುತ್ತ ಹೋಗುತ್ತಾನೆ. ಹೇಗೆ ಕೇಳುತ್ತಾನೆ ಎಂಬುದರ ಮೇಲೆ ಅವರು ಬಾಯಿ ಬಿಡುವುದು, ಬಿಡದಿರುವುದು. ಹದಿಹರೆಯದವರಿಗೆ ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠವನ್ನು ನಾನು ಕಂಡಿಲ್ಲ. ಇಂಥ ಆಟವನ್ನು ಮೊದಲಿಗೆ ಜರ್ಮನಿಯಲ್ಲಿ ಮಾರುವಂತಿರಲಿಲ್ಲ, ಏಕೆಂದರೆ ಅದರಲ್ಲಿ ಅಲ್ಲಿನ ಕಾನೂನು ನಿಷೇಧಿಸಿದ ನಾಜಿ ಚಿಹ್ನೆಗಳಿದ್ದವು. ಚಲನಚಿತ್ರಗಳಿಗಿದ್ದ ವಿನಾಯಿತಿ ಆಟಗಳಿಗೆ ದೊರೆತದ್ದು 2018ರಲ್ಲಿ. ನೀವು ಕೇಳುವ ನಿಷೇಧದ ಬಲೆಗೆ ಮೊದಲು ಬೀಳುವುದು ಇಂಥವೇ.

ವಯಸ್ಸಿನ ಮಿತಿ ಬೇಕೆಂದರೆ ಖಂಡಿತ ಬೇಕು. ಬೋಸ್ನಿಯಾದ ಸರಯೇವೊ ನಗರದ ಮುತ್ತಿಗೆಯಿಂದ ಪ್ರೇರಣೆ ಪಡೆದ, ಯುದ್ಧದಲ್ಲಿ ಸಿಕ್ಕಿಬಿದ್ದ ಸಾಮಾನ್ಯ ಜನರ ಆಟವೊಂದನ್ನು 2020ರಲ್ಲಿ ಪೋಲೆಂಡ್ ಸರ್ಕಾರ ಶಾಲೆಗಳಿಗೆ ಶಿಫಾರಸು ಮಾಡಿದಾಗಲೂ, ಅದು ಹದಿನೆಂಟು ತುಂಬಿದ ವಿದ್ಯಾರ್ಥಿಗಳಿಗೆ ಮಾತ್ರ ಎಂದಿತ್ತು.

ನೀವು ಶಿಕ್ಷಕಿಯಾದ್ದರಿಂದ ಇದನ್ನೂ ಹೇಳಬೇಕು. ‘ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ಯಾವಾಗ ನಡೆಯಿತು?’ ಎಂದು ನಾವು ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತೇವೆ. ಮಗು ‘1919 ಏಪ್ರಿಲ್ 13’ ಎಂದು ಬರೆದು, ಒಂದು ಅಂಕ ಗಿಟ್ಟಿಸಿಕೊಂಡು, ಮುಂದಿನ ಬಿಟ್ಟ ಸ್ಥಳ ತುಂಬಲು ಹೋಗುತ್ತದೆ. ಹೆಣಗಳ ಮೇಲೆ ಅಂಕ ಗಳಿಸುವುದನ್ನು ಮಕ್ಕಳಿಗೆ ಕಲಿಸಿದವರಲ್ಲಿ ನಾವೂ ಇದ್ದೇವೆ, ತಾಯಿ. ನಮ್ಮ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದೇ ಅಕ್ಕನ ಮಗನನ್ನು ಕೇಳಿದಾಗ, ಅದು ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಗೈಡಿನಲ್ಲಿದ್ದ ಸಾಲನ್ನು ಥಟ್ಟನೆ ಒಪ್ಪಿಸಿದ. ಅಲ್ಲಿ ಸತ್ತವರು ಯಾವ ಊರಿನವರು, ಜಾತ್ರೆಯ ಜನದ ನಡುವೆ ಆ ಸಭೆ ಹೇಗೆ ಸೇರಿತ್ತು, ಗುಂಡಿನ ಸದ್ದು ಕೇಳಿ ಜನ ಯಾವ ಕಡೆ ಓಡಿದರು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಇದನ್ನೆಲ್ಲ ಕೇಳಿ ತಿಳಿಯುವಂಥ ಒಂದು ಆಟ ಕನ್ನಡದಲ್ಲಿ ಬಂದರೆ, ಅದರ ವಿಮರ್ಶೆಗೆ ಈ ಪತ್ರಿಕೆಯ ಎರಡು ಪುಟ ಮೀಸಲಿಡುತ್ತೇನೆ.

ನಿಮ್ಮ ಮಗ ಆಡುತ್ತಿರುವುದು ಯಾವ ಆಟವೆಂದು ನೀವು ಬರೆದಿಲ್ಲ. ಈ ಭಾನುವಾರ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿ. ಆ ಆಟ ಅವನಿಂದ ಏನು ಮಾಡಿಸುತ್ತಿದೆ, ಯಾವುದಕ್ಕೆ ಅಂಕ ಕೊಡುತ್ತಿದೆ ಎಂದು ಬರೆಯಿರಿ. ಅದನ್ನೂ ಪ್ರಕಟಿಸುತ್ತೇನೆ.