ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ತಂತಿವಾದ್ಯ ಮಾಡಲು ಎಂಥ ಡಬ್ಬಿ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಕೈಯಲ್ಲಿ ಹೆಚ್ಚು ದುಡ್ಡಿಲ್ಲ, ಮರಗೆಲಸವೂ ಅಷ್ಟಕ್ಕಷ್ಟೇ, ಆದರೂ ಮೂರು ತಂತಿಯ ಒಂದು ವಾದ್ಯ ನಾನೇ ಮಾಡಿಕೊಳ್ಳಬೇಕು. ಅದಕ್ಕೆ ಎಂಥ ಡಬ್ಬಿ ಹುಡುಕಲಿ?

ಡಬ್ಬಿ ಆಮೇಲೆ. ಮೊದಲು ಕೋಲು ಹುಡುಕಿ, ಅಂದರೆ ತಂತಿ ಹಾಯುವ ದಂಡಿ.

ನಾನೂ ಡಬ್ಬಿಯಿಂದಲೇ ಶುರು ಮಾಡಿದವನು. ಚೆಂದದ ಮರದ ಪೆಟ್ಟಿಗೆಯೊಂದು ಸಿಕ್ಕಿತ್ತು. ಮೂರು ಸಂಜೆ ಕೂತು ಬಣ್ಣ ಬಳಿದೆ, ಒಣಗಿಸಿದೆ, ಮತ್ತೆ ಬಳಿದೆ. ದಂಡಿಗೆ ಮಾತ್ರ ಯಾವುದೋ ಪ್ಯಾಕಿಂಗ್ ಪೆಟ್ಟಿಗೆಯ ಮೆತ್ತನೆ ಪಟ್ಟಿ ಕಿತ್ತು ತಂದು, ಡಬ್ಬಿಯ ಬದಿಗೆ ಎರಡು ಸ್ಕ್ರೂ ಹೊಡೆದು ನಿಲ್ಲಿಸಿದೆ. ಮೊದಲ ತಂತಿ ಬಿಗಿದೆ, ಸರಿಯಾಗಿತ್ತು. ಎರಡನೆಯದು ಬಿಗಿಯುವಷ್ಟರಲ್ಲಿ ಮೊದಲನೆಯದು ಸಡಿಲ. ಅದನ್ನು ಮತ್ತೆ ಬಿಗಿದರೆ ಎರಡನೆಯದು ಸಡಿಲ. ತಂತಿ ಸುತ್ತಿ ಬಿಗಿಯುವ ಬಿರಡೆ ಜಾರುತ್ತಿದೆ ಅಂದುಕೊಂಡೆ. ಮೂರನೆಯದನ್ನು ತಿರುಗಿಸುತ್ತಿದ್ದ ಹಾಗೇ ಕಟಕ್ ಅಂತ ಸದ್ದಾಯಿತು. ದಂಡಿ ಬಿಲ್ಲಿನ ಹಾಗೆ ಮೇಲೆದ್ದಿತ್ತು, ಸ್ಕ್ರೂ ಹೊಡೆದ ಕಡೆ ಪೆಟ್ಟಿಗೆ ಸೀಳಿತ್ತು. ಬಣ್ಣಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಗಿಟಾರಿನ ಒಂದು ಉಕ್ಕಿನ ತಂತಿ ಶ್ರುತಿಗೆ ಬಂದಾಗ ಸುಮಾರು 7ರಿಂದ 12 ಕೆಜಿ ತೂಕ ನೇತುಹಾಕಿದಷ್ಟು ಎಳೆಯುತ್ತದೆ. ಮೂರು ತಂತಿ ಸೇರಿದರೆ ಒಂದು ಮೂಟೆ ಹಗಲೂ ರಾತ್ರಿ ಜೋತುಬಿದ್ದ ಹಾಗೆ. ತೆಳು ಹಲಗೆಯ ಡಬ್ಬಿ ಇದನ್ನು ತಡೆಯಲ್ಲ. ಎಳೆತವೆಲ್ಲ ಕೋಲಿನ ಮೇಲೇ ಬೀಳಬೇಕು, ಡಬ್ಬಿಗೆ ಸದ್ದು ಮಾಡುವ ಕೆಲಸ ಮಾತ್ರ ಇರಬೇಕು.

ಅದಕ್ಕೆ ಹಳೇ ಉಪಾಯವೊಂದಿದೆ. ಕೋಲು ಡಬ್ಬಿಯ ಒಂದು ಬದಿಯಿಂದ ಒಳಗೆ ಹೋಗಿ ಇನ್ನೊಂದು ಬದಿಯಿಂದ ಎರಡು ಮೂರು ಸೆಂ.ಮೀ. ಹೊರಗೆ ಬರಲಿ. ತಂತಿಯ ಒಂದು ತುದಿ ಕೋಲಿನ ತಲೆಯಲ್ಲಿ, ಇನ್ನೊಂದು ತುದಿ ಅದೇ ಕೋಲಿನ ಬಾಲದಲ್ಲಿ. ಸೋರೆ ಬುರುಡೆಗೆ ಬಿದಿರು ತೂರಿಸಿ ಮಾಡುವ ಏಕತಾರಿ ನೋಡಿದ್ದೀರಲ್ವಾ, ಅದೂ ಹೀಗೇ. ಅಮೆರಿಕದಲ್ಲಿ 19ನೇ ಶತಮಾನದಿಂದ ಚುರುಟಿನ ಖಾಲಿ ಪೆಟ್ಟಿಗೆಗಳಲ್ಲಿ ಮಾಡುತ್ತಾ ಬಂದಿರುವ ಗಿಟಾರುಗಳಲ್ಲೂ ಬಹಳಷ್ಟು ಇದೇ ಜಾತಿಯವು.

ಕೋಲಿಗೆ ಸುಮಾರು 90 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಗಟ್ಟಿಮರದ ರೀಪರ್ ಸಾಕು. ಮುರಿದ ಮಂಚ, ಹಳೇ ಕಿಟಕಿ ಚೌಕಟ್ಟು, ಎಲ್ಲಿಂದಲಾದರೂ ಬರಲಿ. ಹಳೇ ಮರ ಒಳ್ಳೆಯದೇ, ಒಣಗಿ ಮುಗಿದಿರುತ್ತದೆ, ಇನ್ನು ಡೊಂಕಾಗುವುದು ಕಡಿಮೆ. ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡಿ. ನೇರ ಇರಬೇಕು. ನಡುವೆ ಗಂಟು ಇದ್ದರೆ ಬೇಡ. ಮರದ ಎಳೆಗಳು ಉದ್ದಕ್ಕೆ ಓಡಿರಬೇಕು, ಓರೆಯಾಗಿ ಅಂಚಿಗೆ ಬಂದು ನಿಂತಿದ್ದರೆ ಅಲ್ಲೇ ಮುರಿಯುತ್ತದೆ. ಎರಡು ಇಟ್ಟಿಗೆಗಳ ಮೇಲಿಟ್ಟು ನಡುವೆ ಕೈಯಿಂದ ಜೋರಾಗಿ ಒತ್ತಿ. ಕಣ್ಣಿಗೆ ಕಾಣುವಷ್ಟು ಬಾಗಿದರೆ ಅದನ್ನು ಬಿಟ್ಟು ಬೇರೆ ನೋಡಿ.

ಡಬ್ಬಿಯ ಎರಡೂ ಬದಿಯಲ್ಲಿ ಕೋಲಿನ ಅಳತೆಗೆ ಕಚ್ಚು ಕತ್ತರಿಸಿ, ಕೋಲನ್ನು ಕೂರಿಸಿ. ಕೋಲಿನ ಮೇಲ್ಮೈ ಡಬ್ಬಿಯ ಬಾಯಿಯ ಮಟ್ಟಕ್ಕೆ ಬರಲಿ. ಹೊಸಬರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಮುಚ್ಚಳ ಹಾಕಿದಾಗ ಅದರ ಅಡಿಭಾಗ ಉದ್ದಕ್ಕೂ ಕೋಲಿಗೆ ತಾಗಿ ಕೂರುತ್ತದೆ. ಆಮೇಲೆ ಮುಚ್ಚಳ ಅಲುಗುವುದೇ ಇಲ್ಲ, ಸದ್ದು ಸತ್ತುಹೋಗುತ್ತದೆ. ಆದ್ದರಿಂದ ಡಬ್ಬಿಯ ಒಳಗೆ ಬರುವಷ್ಟು ಭಾಗದಲ್ಲಿ ಕೋಲಿನ ಮೇಲ್ಮೈಯನ್ನು ಉಳಿಯಿಂದ 4-5 ಮಿ.ಮೀ. ಕೆತ್ತಿ ತೆಗೆಯಿರಿ. ಮುಚ್ಚಳ ಅಂಚುಗಳಲ್ಲಿ ಮಾತ್ರ ಹಿಡಿದುಕೊಂಡು, ನಡುವೆ ಗಾಳಿಯಲ್ಲಿರಬೇಕು. ತಲೆಯ ಕಡೆಯೂ, ಬಿರಡೆ ಬರುವಷ್ಟು ಉದ್ದಕ್ಕೆ, ಮೇಲಿಂದ 6-8 ಮಿ.ಮೀ. ತೆಳು ಮಾಡಿ. ಆಗ ತಂತಿ ಕೆಳಮುಖವಾಗಿ ಇಳಿದು ಬಿಗಿಯಾಗಿ ಕೂರುತ್ತದೆ.

ದುಡ್ಡು ಖರ್ಚು ಮಾಡಲೇಬೇಕಾದ್ದು ಎರಡಕ್ಕೆ, ತಂತಿ ಮತ್ತು ಬಿರಡೆ. ಬಿರಡೆಯನ್ನು ಕೆಟ್ಟುಹೋದ ಹಳೇ ಗಿಟಾರಿನಿಂದ ಬಿಚ್ಚಿಕೊಂಡರೂ ಆಯಿತು. ಹಲ್ಲಿನ ಚಕ್ರ ಇರುವಂಥದ್ದೇ ಇರಲಿ. ಮರದ ಬಿರಡೆ ಕೆತ್ತಿ ಕೂರಿಸುತ್ತೇನೆ ಅನ್ನುವ ಹಟ ಮೊದಲ ವಾದ್ಯಕ್ಕೆ ಬೇಡ. ಕೆತ್ತುವುದೇನೋ ಕೆತ್ತಬಹುದು, ಅದು ಜಾರದ ಹಾಗೆ ತೂತಿಗೆ ಕಚ್ಚಿ ಕೂರಬೇಕಲ್ಲ. ತಂತಿಗೆ ಸೈಕಲ್ ಬ್ರೇಕಿನ ತಂತಿ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಅದು ಹಲವು ಎಳೆಗಳನ್ನು ಹೊಸೆದ ಹಗ್ಗ. ಹಾಕಿದರೆ ಮೊಂಡು ಸದ್ದು ಬರುತ್ತದೆ, ಶ್ರುತಿ ನಿಲ್ಲಲ್ಲ. ಗಿಟಾರಿನ ಒಂದು ಸೆಟ್ ತಗೊಳ್ಳಿ. ಅದರಲ್ಲಿ ಐದನೇ, ನಾಲ್ಕನೇ, ಮೂರನೇ ತಂತಿಗಳು ನಿಮಗೆ. ಐದನೆಯದನ್ನು ಎ ಬದಲು ಜಿ ಸ್ವರಕ್ಕೆ ಇಳಿಸಿ, ನಾಲ್ಕನೆಯದು ಡಿ, ಮೂರನೆಯದು ಜಿ, ಹಾಗೇ ಇರಲಿ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸ, ಪ, ಮೇಲಿನ ಸ. ಚುರುಟಿನ ಪೆಟ್ಟಿಗೆಯ ಗಿಟಾರಿನವರು ಹೆಚ್ಚಾಗಿ ಇಟ್ಟುಕೊಳ್ಳುವ ಶ್ರುತಿಯೂ ಇದೇ. ಮೂರನ್ನೂ ಒಟ್ಟಿಗೆ ಮೀಟಿದರೂ ಕಿವಿಗೆ ಒರಟಾಗಲ್ಲ.

ಒಂದೇ ತಂತಿಯನ್ನು ಬಿಗಿದು ಬಿಗಿದು ಮೇಲಿನ ಸ್ಥಾಯಿಗೆ ಒಯ್ಯಲು ಹೋಗಬೇಡಿ. ಉದ್ದ ಅಷ್ಟೇ ಇದ್ದು ಸ್ವರ ಒಂದು ಸ್ಥಾಯಿ ಏರಬೇಕಾದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಬೇಕು. ಫ್ರಾನ್ಸಿನ ಗಣಿತಜ್ಞ ಮೆರ್ಸೆನ್ 1636ರಲ್ಲೇ ಈ ನಿಯಮ ಬರೆದಿಟ್ಟಿದ್ದಾನೆ. ಅಷ್ಟು ದೂರ ಹೋಗುವ ಮೊದಲೇ ತಂತಿ ಹರಿದು ಮುಖಕ್ಕೆ ಬಡಿಯುತ್ತದೆ. ಮೇಲಿನ ಸ್ವರ ಬೇಕಾದರೆ ತೆಳು ತಂತಿ ಹಾಕಬೇಕು. ಏನೇ ಇರಲಿ, ಬಿಗಿಯುವಾಗ ಮುಖ ಪಕ್ಕಕ್ಕಿರಲಿ, ಕನ್ನಡಕ ಇದ್ದರೆ ಹಾಕಿಕೊಳ್ಳಿ.

ಈಗ ಅಳತೆ. ತಂತಿಯ ಮೀಟುವ ಉದ್ದ 600 ಮಿ.ಮೀ. ಇಟ್ಟುಕೊಳ್ಳಿ, ಲೆಕ್ಕ ಸುಲಭ. ತಲೆಯ ಕಡೆ ತಂತಿ ಕೂರುವ ಪಟ್ಟಿಗೆ ಗಿಟಾರಿನವರು ನಟ್ ಅನ್ನುತ್ತಾರೆ. ನಾನು ಆ ನಟ್ ಜಾಗಕ್ಕೆ ಒಂದು ಬೋಲ್ಟ್ ಹಾಕುತ್ತೇನೆ! 6 ಮಿ.ಮೀ. ದಪ್ಪದ್ದು, ಮರೆ (ತಿರುಪಿನ ಗೀರು) ಇರುವಂಥದ್ದು. ಆ ಮರೆಯ ಸಂದಿನಲ್ಲೇ ತಂತಿ ಕೂರುತ್ತದೆ, ಬೇರೆ ಗೀರು ಹಾಕುವ ಕಷ್ಟವಿಲ್ಲ. ಅಲ್ಲಿಂದ ಅಳೆದರೆ ಹನ್ನೆರಡು ಮೆಟ್ಟಿಲುಗಳ (ಸ್ವರಕ್ಕಾಗಿ ತಂತಿ ಒತ್ತುವಲ್ಲಿ ದಂಡಿಗೆ ಅಡ್ಡ ಕೂರಿಸುವ ಪಟ್ಟಿಗಳ) ಜಾಗ ಮಿ.ಮೀ. ಲೆಕ್ಕದಲ್ಲಿ ಹೀಗೆ: 33.7, 65.5, 95.5, 123.8, 150.5, 175.7, 199.5, 222.0, 243.2, 263.3, 282.2, 300. ಬೇರೆ ಉದ್ದ ಬೇಕಿದ್ದರೆ ಒಟ್ಟು ಉದ್ದವನ್ನು 17.817ರಿಂದ ಭಾಗಿಸಿ, ಅದು ಮೊದಲ ಮೆಟ್ಟಿಲಿನ ದೂರ. ಉಳಿದ ಉದ್ದವನ್ನು ಮತ್ತೆ ಭಾಗಿಸಿದರೆ ಮೊದಲನೆಯದರಿಂದ ಎರಡನೆಯದಕ್ಕೆ ಇರುವ ದೂರ. ಹೀಗೇ ಮುಂದಕ್ಕೆ.

ಲೆಕ್ಕ ಹಾಗೆ ಮಾಡಿ, ಆದರೆ ಮರದ ಮೇಲೆ ಗುರುತು ಹಾಕುವಾಗ ಹಾಗೆ ಮಾಡಬೇಡಿ. ನನ್ನ ಎರಡನೇ ವಾದ್ಯ ಕೆಟ್ಟಿದ್ದೇ ಇದರಿಂದ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸ್ಕೇಲು ಎತ್ತಿ ಎತ್ತಿ ಇಟ್ಟು ಅಳೆದಿದ್ದೆ. ಒಂದೊಂದು ಸಲಕ್ಕೂ ಪೆನ್ಸಿಲ್ ಗೆರೆಯ ದಪ್ಪದಷ್ಟು ತಪ್ಪು ಸೇರುತ್ತಾ ಹೋಗಿ, ಹನ್ನೆರಡನೆಯದು 4 ಮಿ.ಮೀ. ಆಚೆ ಬಿದ್ದಿತ್ತು. ಒಂದು ವಾರ ತಂತಿಯನ್ನೇ ಬೈದೆ. ಸ್ಕೇಲನ್ನು ನಟ್ಟಿಗೆ ಒತ್ತಿ ಹಿಡಿದು, ಅಲುಗಿಸದೆ, ಹನ್ನೆರಡೂ ಗೆರೆಗಳನ್ನು ಒಂದೇ ಸಲಕ್ಕೆ ಹಾಕಿ.

ಮೆಟ್ಟಿಲು ಕೂರಿಸುವ ಆತುರವೂ ಬೇಡ ಅನ್ನುತ್ತೇನೆ ನಾನು. ಮೊದಲ ವಾದ್ಯದಲ್ಲಿ ಬರೀ ಗೆರೆ ಎಳೆದು, ಎಡಗೈ ಬೆರಳಿಗೆ ಒಂದು ಲೋಹದ ಅಥವಾ ಗಾಜಿನ ಕೊಳವೆ ತೊಡಿಸಿ, ಜಾರಿಸಿ ನುಡಿಸಿ. ದಂಡಿ ಸ್ವಲ್ಪ ಡೊಂಕಿದ್ದರೂ, ತಂತಿ 4-5 ಮಿ.ಮೀ. ಮೇಲಿದ್ದರೂ ನಡೆಯುತ್ತದೆ. ಮೆಟ್ಟಿಲು ಹಾಕಿದರೆ ಅವೆಲ್ಲ ಒಂದೇ ಮಟ್ಟಕ್ಕೆ ಇರಬೇಕು, ಒಂದು ಕೂದಲೆಳೆ ಎತ್ತರವಾದರೂ ಪಕ್ಕದ್ದು ನುಡಿಯಲ್ಲ.

ಗೆರೆ ಮಾತ್ರ ಇದ್ದರೆ ಇನ್ನೊಂದು ಲಾಭವಿದೆ. ಮೇಲಿನ ಅಳತೆ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಗಿಟಾರಿನ ಲೆಕ್ಕ. ಶುದ್ಧವಾದ ಪಂಚಮ ಸಿಗುವುದು ತಂತಿಯ ಮೂರನೇ ಒಂದು ಪಾಲಿನಲ್ಲಿ, ಅಂದರೆ 200ರಲ್ಲಿ. ಪಟ್ಟಿಯಲ್ಲಿರುವುದು 199.5. ಶುದ್ಧ ಮಧ್ಯಮ ನಾಲ್ಕನೇ ಒಂದರಲ್ಲಿ, 150ರಲ್ಲಿ. ಪಟ್ಟಿಯಲ್ಲಿ 150.5. ಇವೆರಡರಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ. ಆದರೆ ಅಂತರ ಗಾಂಧಾರ ನೋಡಿ. ಶುದ್ಧವಾಗಿ ಸಿಗುವುದು ಐದನೇ ಒಂದರಲ್ಲಿ, 120ರಲ್ಲಿ. ಪಟ್ಟಿಯಲ್ಲಿ 123.8. ಹತ್ತಿರ ಹತ್ತಿರ 4 ಮಿ.ಮೀ. ವ್ಯತ್ಯಾಸ! ಕೆಳಗಿನ ಸ ತಂತಿಯನ್ನು ಮೀಟುತ್ತಾ, ಮೇಲಿನ ಸ ತಂತಿಯ ಮೇಲೆ ಕೊಳವೆಯನ್ನು 124ರಿಂದ 120ಕ್ಕೆ ಮೆಲ್ಲಗೆ ತನ್ನಿ. ಎರಡೂ ಸದ್ದು ಸೇರಿ ಅಲೆಅಲೆಯಾಗಿ ನಡುಗುತ್ತಿದ್ದದ್ದು ನಿಧಾನವಾಗುತ್ತಾ ಬಂದು ಒಂದು ಕಡೆ ನಿಂತುಬಿಡುತ್ತದೆ. ನಾನು ಇದನ್ನು ಮೊದಲ ಸಲ ಕೇಳಿದ ದಿನ ಅರ್ಧ ರಾತ್ರಿಯವರೆಗೂ ಅದೊಂದನ್ನೇ ಮಾಡುತ್ತಾ ಕೂತಿದ್ದೆ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ, ಕಿವಿಗೆ ಸರಿ ಕಾಣುವಲ್ಲಿಗೆ ಸರಿಸಬಹುದು. ಗಿಟಾರಿನ ಮೆಟ್ಟಿಲು ಬಡಿದು ಕೂರಿಸಿದ್ದು, ಅಲ್ಲಾಡಲ್ಲ. ಹಾಗಾಗಿ ಯಾವ ಲೆಕ್ಕ ಬೇಕು ಅಂತ ಕಿವಿ ಹೇಳಿದ ಮೇಲೆ ಬೇಕಾದರೆ ಮೆಟ್ಟಿಲು ಹಾಕಿ.

ಮುಚ್ಚಳದ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ತುಂಡಿಗೆ ಕುದುರೆ ಅನ್ನುತ್ತಾರೆ. ಅದನ್ನು ಅಂಟಿಸಬೇಡಿ. ಗಟ್ಟಿಮರದ ಅಥವಾ ಬಿದಿರಿನ ಒಂದು ಸೆಂ.ಮೀ. ಎತ್ತರದ ತುಂಡು ಸಾಕು, ತಂತಿಯ ಒತ್ತಡಕ್ಕೇ ನಿಲ್ಲುತ್ತದೆ. ನಟ್ಟಿನಿಂದ 600ಕ್ಕೆ ಇಟ್ಟು, ಹನ್ನೆರಡನೇ ಗೆರೆಯ ಮೇಲೆ ತಂತಿಯನ್ನು ಬೆರಳಿಂದ ಬರೀ ತಾಗಿಸಿ ಮೀಟಿ, ತಕ್ಷಣ ಬೆರಳು ತೆಗೆಯಿರಿ. ಗಂಟೆಯಂಥ ತೆಳು ಸ್ವರ ಬರುತ್ತದೆ. ಕೊಳವೆಯನ್ನು ಅದೇ ಗೆರೆಯ ಮೇಲಿಟ್ಟು ಮೀಟಿ. ಎರಡೂ ಒಂದೇ ಆಗಿದ್ದರೆ ಕುದುರೆ ಸರಿಯಾದ ಜಾಗದಲ್ಲಿದೆ. ಮುಂದೆ ಮೆಟ್ಟಿಲು ಹಾಕಿ ಬೆರಳಲ್ಲಿ ಒತ್ತಿ ನುಡಿಸುವಾಗ, ಒತ್ತಿದ ತಂತಿ ಇನ್ನಷ್ಟು ಬಿಗಿಯಾಗಿ ಸ್ವರ ಚೂರು ಮೇಲೆ ಹೋಗುತ್ತದೆ. ಆಗ ಕುದುರೆಯನ್ನು 2-3 ಮಿ.ಮೀ. ಬಾಲದ ಕಡೆ ಸರಿಸಬೇಕು. ಅಂಟಿಸಬೇಡಿ ಅಂದಿದ್ದು ಇದಕ್ಕೇ.

ಸರಿ, ಡಬ್ಬಿ. ಮುಚ್ಚಳ ತೆಳುವಾಗಿರಲಿ, ಮರ ಅಥವಾ ಪ್ಲೈವುಡ್ ಆದರೆ 3 ಮಿ.ಮೀ. ಆಸುಪಾಸು. ಬೆರಳಿನ ಗಂಟಿನಿಂದ ತಟ್ಟಿ. ಡುಂ ಅಂದರೆ ತಗೊಳ್ಳಿ, ಟಕ್ ಅಂದರೆ ಬಿಡಿ. ತಗಡಿನ ಡಬ್ಬಿ ಜೋರಾಗಿ, ಸ್ವಲ್ಪ ಕಿರುಚುವ ಹಾಗೆ ನುಡಿಯುತ್ತದೆ. ಕೆಲವರಿಗೆ ಅದೇ ಇಷ್ಟ. ರಟ್ಟು ಮೊದಲ ದಿನ ಚೆನ್ನಾಗಿರುತ್ತದೆ, ಆಮೇಲೆ ಕುದುರೆಯ ಕೆಳಗೆ ಕುಸಿಯುತ್ತದೆ. ಎರಡು ಸೆಂ.ಮೀ. ಅಗಲದ ಒಂದೆರಡು ತೂತು ದಂಡಿಯ ಕಡೆ ಇರಲಿ, ಕುದುರೆಯ ಹತ್ತಿರ ಬೇಡ. ಅಷ್ಟೇ. ಡಬ್ಬಿಯ ಬಗ್ಗೆ ಇದಕ್ಕಿಂತ ಜಾಸ್ತಿ ತಲೆಕೆಡಿಸಿಕೊಳ್ಳುವಂಥದ್ದೇನಿಲ್ಲ.

ನುಡಿಸುವಾಗ ಎಲ್ಲಿಂದಲೋ ಝರ್ ಅಂತ ಸದ್ದು ಬಂದರೆ ತಂತಿಯನ್ನು ದೂರುವ ಮೊದಲು ಡಬ್ಬಿಯ ಒಂದೊಂದೇ ಭಾಗವನ್ನು ಬೆರಳಲ್ಲಿ ಒತ್ತಿ ಹಿಡಿದು ಮೀಟುತ್ತಾ ಹೋಗಿ. ನನ್ನದರಲ್ಲಿ ಅದು ಪೆಟ್ಟಿಗೆಯ ಚಿಲಕ. ಎರಡು ದಿನ ಹುಡುಕಿದ್ದೆ. ಒಂದು ಚೂರು ಬಟ್ಟೆ ತುರುಕಿದ ಮೇಲೆ ಸುಮ್ಮನಾಯಿತು.

ಇಷ್ಟೂ ಜಾಸ್ತಿ ಅನ್ನಿಸಿದರೆ ಇವತ್ತೇ ಒಂದು ಗಟ್ಟಿ ಹಲಗೆಗೆ ಎರಡು ಮೊಳೆ ಹೊಡೆದು ಒಂದು ತಂತಿ ಕಟ್ಟಿ. ಒಂದು ತುದಿಯಲ್ಲಿ ತಂತಿಯ ಕೆಳಗೆ ಗಾಜಿನ ಸೀಸೆ ತೂರಿಸಿ, ಇನ್ನೊಂದು ತುದಿಯಲ್ಲಿ ಮರದ ತುಂಡು. ಅಮೆರಿಕದ ದಕ್ಷಿಣದಲ್ಲಿ ಇದಕ್ಕೆ ಡಿಡ್ಲಿ ಬೋ ಅನ್ನುತ್ತಾರೆ. ಒಂದು ಮಧ್ಯಾಹ್ನದ ಕೆಲಸ. ಹಲಗೆಯನ್ನು ಮೇಜಿನ ಮೇಲಿಟ್ಟು ನುಡಿಸಿ ನೋಡಿ, ಮೇಜೇ ಡಬ್ಬಿಯ ಕೆಲಸ ಮಾಡುತ್ತದೆ.

ಹೊಸ ತಂತಿ ಮೊದಲ ಎರಡು ಮೂರು ದಿನ ಹಿಗ್ಗುತ್ತಲೇ ಇರುತ್ತದೆ, ಪದೇ ಪದೇ ಶ್ರುತಿ ಇಳಿಯುತ್ತದೆ. ನೀವು ಏನೋ ತಪ್ಪು ಮಾಡಿದಿರಿ ಅಂತಲ್ಲ. ಬಿಗಿಯುತ್ತಾ ಇರಿ, ನಿಲ್ಲುತ್ತದೆ. ನಾಲ್ಕನೇ ದಿನವೂ ಇಳಿಯುತ್ತಿದ್ದರೆ ಮತ್ತೆ ಒಂದು ಕಣ್ಣು ಮುಚ್ಚಿ ದಂಡಿಯನ್ನು ನೋಡಿ.