ಸೌಟು ಅವರ ಕೈಗೇ ಕೊಡಿ

ಪ್ರಶ್ನೆ: ನನಗೆ 42 ವರ್ಷ. ವಿಜಯನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಹೆಂಡತಿ ಸರ್ಕಾರಿ ಹೈಸ್ಕೂಲ್ ಟೀಚರ್. ಮೂರು ವರ್ಷದ ಹಿಂದೆ ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಅಂತ ಗೊತ್ತಾಯಿತು. ನೋಡೋಕೆ ಚೆನ್ನಾಗಿದ್ದಾಳೆ, ಆದರೆ ಬೇಗ ಸುಸ್ತಾಗುತ್ತಾಳೆ. ಅಡುಗೆ, ಬಟ್ಟೆ, ನಾಲ್ಕನೇ ಕ್ಲಾಸಿನ ಮಗಳ ಓದು ಎಲ್ಲಾ ನಾನೇ ನೋಡಿಕೊಳ್ಳುತ್ತೇನೆ. ಮೊದಲು ಮೆಟ್ರೋದಲ್ಲಿ ಶಾಲೆಗೆ ಹೋಗುತ್ತಿದ್ದಳು, ಈಗ ನಾನೇ ಬೈಕಿನಲ್ಲಿ ಬಿಡುತ್ತೇನೆ. ಮೊನ್ನೆ ಒಗ್ಗರಣೆ ಹಾಕುವಾಗ ಕೈ ನಡುಗಿತು ಅಂತ ಸೌಟು ಕಿತ್ತುಕೊಂಡೆ. ಅವತ್ತಿನಿಂದ ಸರಿಯಾಗಿ ಮಾತಾಡುತ್ತಿಲ್ಲ. ಊರಿಂದ ಬಂದಿರುವ ಅಮ್ಮನಿಗೆ ಕಾಯಿಲೆಯ ವಿಷಯ ಹೇಳಿಲ್ಲ. ಹಗಲು ಹೊತ್ತು ಮಲಗುತ್ತಾಳೆ ಅಂತ ಗೊಣಗುತ್ತಾರೆ. ಕೆಲಸ ಬಿಡು ಅಂದರೆ ಹೆಂಡತಿ ಅಳುತ್ತಾಳೆ. ನಾನು ಎಲ್ಲಿ ತಪ್ಪಿದೆ?

ಉತ್ತರ: ಆಫೀಸು, ಆಸ್ಪತ್ರೆ, ಅಡುಗೆಮನೆ ಎಲ್ಲವನ್ನೂ ಮೂರು ವರ್ಷದಿಂದ ಒಬ್ಬರೇ ತೂಗಿಸಿಕೊಂಡು ಬಂದಿದ್ದೀರಿ. ಅದು ಸಣ್ಣ ಮಾತಲ್ಲ. ಆದರೆ ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ನೀವು ಮಾಡಿದ್ದು ಇದೆ, ಅಮ್ಮ ಅಂದಿದ್ದು ಇದೆ. ಹೆಂಡತಿ ಆಡಿದ ಒಂದು ಮಾತೂ ಇಲ್ಲ, ಅವರು ಅತ್ತಿದ್ದು ಮಾತ್ರ ಇದೆ. ನನಗೆ ಚುಚ್ಚಿದ್ದು ಅದೇ.

ಕಾದ ಎಣ್ಣೆ, ನಡುಗುವ ಕೈ. ನಿಮಗೆ ಭಯವಾಗಿದ್ದು ಸಹಜ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಕಾಯಿಲೆ ಈಗಾಗಲೇ ಅವರಿಂದ ಒಂದೊಂದನ್ನೇ ಕಸಿದುಕೊಳ್ಳುತ್ತಿದೆ. ಉಳಿದಿದ್ದನ್ನು ನೀವು ಪ್ರೀತಿಯಿಂದಲೇ ಕಸಿದುಕೊಂಡರೂ ನೋವು ನೋವೇ ಅಲ್ವಾ? ಸ್ಟವ್ ಮುಂದೆ ಒಂದು ಎತ್ತರದ ಸ್ಟೂಲ್ ಹಾಕಿ. ಉದ್ದ ಹಿಡಿಯ ಸಣ್ಣ ಬಾಣಲೆ ತನ್ನಿ. ಕೈ ನಡುಗುವ ದಿನ ಎಣ್ಣೆ ಕಾಯಿಸುವ ಕೆಲಸ ನಿಮ್ಮದು, ಉಪ್ಪು ಹುಳಿ ನೋಡುವುದು ಅವರದ್ದು. ಇದನ್ನೂ ನೀವೊಬ್ಬರೇ ತೀರ್ಮಾನ ಮಾಡಬೇಡಿ, ಅವರನ್ನು ಕೇಳಿ.

ಆ ಸುಸ್ತು ಏನು ಅಂತ ಮನೆಯವರೆಲ್ಲ ತಿಳಿದುಕೊಳ್ಳಬೇಕು. ಈ ಕಾಯಿಲೆಯಲ್ಲಿ, ರೋಗದಿಂದ ಕಾಪಾಡಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ, ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ಹಾಳು ಮಾಡುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಕಿತ್ತುಹೋದ ಹಾಗೆ. ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಹೋಗುವ ಸುಸ್ತಲ್ಲ ಅದು. ಮೈ ಬಿಸಿಯಾದರೆ ಇನ್ನೂ ಜಾಸ್ತಿ, ತಣ್ಣಗಾದ ಮೇಲೆ ಸ್ವಲ್ಪ ಸುಧಾರಿಸುತ್ತದೆ. ಹಾಗೆ ನೋಡಿದರೆ ಏಪ್ರಿಲ್ ಬಿಸಿಲಲ್ಲಿ ಮಾಗಡಿ ರಸ್ತೆಯ ಸಿಗ್ನಲ್‌ನಲ್ಲಿ ನಿಲ್ಲುವ ನಿಮ್ಮ ಬೈಕಿಗಿಂತ ಎಸಿ ಇರುವ ಮೆಟ್ರೋನೇ ಅವರಿಗೆ ವಾಸಿ. ಸ್ಟೇಷನ್ನಿನಲ್ಲಿ ಲಿಫ್ಟೂ ಇದೆ. ಅವರಿಗೆ ಇಷ್ಟವಿದ್ದರೆ ಮತ್ತೆ ಅದರಲ್ಲೇ ಹೋಗಲಿ. ಮನೆಯ ಅಗ್ರಿಮೆಂಟ್ ಮುಗಿದಾಗ ಕೆಳಗಿನ ಮನೆಯೊಂದನ್ನು ಹುಡುಕಿ. ನೆತ್ತಿಯ ಮೇಲೆ ಬರೀ ತಾರಸಿ ಇದ್ದರೆ ಬೇಸಿಗೆಯಲ್ಲಿ ಮನೆ ಕಾದ ಹಂಚಾಗುತ್ತದೆ.

ಇನ್ನು ಅಮ್ಮನ ವಿಷಯ. ನೀವು ಮುಚ್ಚಿಟ್ಟಿದ್ದರ ಏಟು ಬೀಳುತ್ತಿರುವುದು ಹೆಂಡತಿಯ ಮೇಲೆ. ಅಮ್ಮನಿಗೆ ಕಾಣುವುದು ಮಧ್ಯಾಹ್ನ ಮಲಗಿದ ಸೊಸೆ ಮಾತ್ರ. ಕಾರಣ ಗೊತ್ತಿಲ್ಲದವರು ಗೊಣಗದೆ ಇನ್ನೇನು ಮಾಡುತ್ತಾರೆ? ಕಾಯಿಲೆ ಹೆಂಡತಿಯದ್ದು, ಹಾಗಾಗಿ ಮೊದಲು ಅವರ ಒಪ್ಪಿಗೆ ಕೇಳಿ. ಒಪ್ಪಿದರೆ ಹೇಳುವುದು ನಿಮ್ಮ ಕೆಲಸ, ಅವರ ಮೇಲೆ ಹಾಕಬೇಡಿ. ‘ಅಮ್ಮಾ, ಇವಳಿಗೆ ನರದ ಕಾಯಿಲೆ ಇದೆ. ಮಲಗೋದು ಸೋಮಾರಿತನಕ್ಕಲ್ಲ’ ಅಂತ ನೇರವಾಗಿ ಹೇಳಿ. ಅಂಟುತ್ತದಾ, ಮೊಮ್ಮಗಳಿಗೂ ಬರುತ್ತದಾ ಅಂತ ಕೇಳಬಹುದು. ಅಂಟುವುದಿಲ್ಲ. ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ನಿಜ, ಆದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಈ ಕಾಯಿಲೆ ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲೇ ಶುರುವಾಗುತ್ತದೆ. ಚೀಟಿ ಹಿಡಿದು ಕೂತ ಚಿಕ್ಕ ವಯಸ್ಸಿನವರನ್ನು ಕಣ್ಣಾರೆ ನೋಡಿದರೆ ಅಮ್ಮನಿಗೂ ಅರ್ಥವಾದೀತು.

ಕೆಲಸ ಬಿಡು ಅನ್ನುವ ಮಾತನ್ನು ಇವತ್ತೇ ನಿಲ್ಲಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಅದರಲ್ಲಿ ಈ ಕಾಯಿಲೆಯ ಹೆಸರೂ ಇದೆ. ನೌಕರಿಯಲ್ಲಿದ್ದಾಗ ವೈಕಲ್ಯ ಬಂತು ಅಂತ ಸರ್ಕಾರಿ ನೌಕರರನ್ನು ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗೂ ಇಲ್ಲ. ಈಗಿನ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ, ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಹೆಚ್ಚಿನ ಸೌಲಭ್ಯಗಳಿಗೆ ವೈಕಲ್ಯ 40% ಇರಬೇಕು, ಅದನ್ನು ಡಾಕ್ಟರುಗಳು ಪರೀಕ್ಷೆ ಮಾಡಿ ಹೇಳುತ್ತಾರೆ. ಅದಕ್ಕೂ ಮೊದಲು, ಬೆಳಗಿನ ಪೀರಿಯಡ್‌ಗಳು, ನೆಲಮಹಡಿಯ ಕ್ಲಾಸು ಸಿಗುತ್ತದಾ ಅಂತ ಹೆಡ್‌ಮಾಸ್ಟರ್ ಹತ್ತಿರ ಅವರೇ ಕೇಳಿ ನೋಡಲಿ. ಕ್ಲಾಸಿನಲ್ಲಿ ನಿಂತಾಗ ಅವರು ಪೇಷಂಟ್ ಅಲ್ಲ, ಟೀಚರ್. ಕೆಲಸ ಬಿಡು ಅಂದಾಗ ಅಳು ಬರುವುದು ಅದಕ್ಕೇ ಅನ್ನಿಸುತ್ತದೆ.

ಮಗಳಿಗೂ ಅವಳ ಮಟ್ಟಕ್ಕೆ ತಿಳಿಯುವ ಹಾಗೆ ಹೇಳಿ. ಏನೋ ಇದೆ ಅಂತ ಮಕ್ಕಳಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಇನ್ನೂ ಕೆಟ್ಟದ್ದನ್ನೇ ಊಹಿಸಿಕೊಂಡು ಒಳಗೊಳಗೇ ಹೆದರುತ್ತವೆ.

ನಿಮ್ಮ ಬಗ್ಗೆಯೂ ನನಗೆ ಚಿಂತೆ ಇದೆ. ಬೆಳಗಿಂದ ರಾತ್ರಿವರೆಗೆ ಇಷ್ಟು ಹೊತ್ತವರು ಒಂದು ದಿನ ಕುಸಿಯುತ್ತಾರೆ. ಮನಸ್ಸಿಗೆ ತೀರಾ ಭಾರ ಅನ್ನಿಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಸಿಗುತ್ತಾರೆ.

ಇವತ್ತು ಮಗಳು ಮಲಗಿದ ಮೇಲೆ ಹೆಂಡತಿಯ ಪಕ್ಕ ಕೂತುಕೊಳ್ಳಿ. ‘ಸೌಟು ಕಿತ್ತುಕೊಂಡಿದ್ದು ತಪ್ಪಾಯ್ತು. ಯಾವ ಕೆಲಸ ನಿನಗೇ ಇರಲಿ, ಯಾವುದು ನಾನು ಮಾಡಲಿ?’ ಅಂತ ಕೇಳಿ. ಆಮೇಲೆ ಸುಮ್ನಿರಿ. ಉತ್ತರ ಬರುವುದು ತಡವಾದರೂ ನಡುವೆ ಬಾಯಿ ಹಾಕಬೇಡಿ.