ಹೊಸ ಕೋಚ್ ಬಂದರು, ಐದು ಪಂದ್ಯ ಸಾಕೆ?

ಓದುಗರ ಪತ್ರ: “ಫುಟ್‌ಬಾಲ್ ಕ್ಲಬ್ಬೊಂದು ಹೊಸ ಕೋಚನ್ನು ತಂದಾಗಲೆಲ್ಲ ನಮ್ಮ ಗೆಳೆಯರಲ್ಲಿ ಎರಡು ಪಕ್ಷ. ಒಂದು ಪಕ್ಷ ಅವರು ಹಿಂದೆ ಗೆದ್ದ ಟ್ರೋಫಿ ಎಣಿಸುತ್ತದೆ. ಇನ್ನೊಂದು ಮೊದಲ ಐದು ಪಂದ್ಯ ನೋಡಿ ತೀರ್ಪು ಕೊಟ್ಟುಬಿಡುತ್ತದೆ. ಯಾರದು ಸರಿ? ಮ್ಯಾಂಚೆಸ್ಟರ್ ಯುನೈಟೆಡ್‌ಗೂ ನಮ್ಮ ಬೆಂಗಳೂರು ಎಫ್‌ಸಿಗೂ ಒಂದೇ ಅಳತೆ ಹಿಡಿಯಬಹುದೆ?” — ಮಂಗಳೂರಿನ ಓದುಗರೊಬ್ಬರು

ಸಂಪಾದಕರ ಉತ್ತರ:

ಇಬ್ಬರದೂ ಸರಿಯಿಲ್ಲ. ಐದು ಪಂದ್ಯದವರ ದನಿ ಯಾವಾಗಲೂ ಜೋರಾಗಿರುವುದರಿಂದ ಮೊದಲು ಅವರಿಗೇ ಉತ್ತರಿಸೋಣ.

2018ರ ಡಿಸೆಂಬರಿನಲ್ಲಿ ಯುನೈಟೆಡ್ ಜೋಸೆ ಮೌರಿನ್ಯೊ ಅವರನ್ನು ಕಳಿಸಿ, ತನ್ನ ಹಳೆಯ ಆಟಗಾರ ಓಲೆ ಗುನ್ನಾರ್ ಸೋಲ್ಶಾರ್ ಅವರನ್ನು ಹಂಗಾಮಿಯಾಗಿ ಕೂರಿಸಿತು. ಮೊದಲ ಪಂದ್ಯದಲ್ಲಿ ಕಾರ್ಡಿಫ್ ಮೇಲೆ 5–1, ಎರಡನೆಯದರಲ್ಲಿ ಹಡರ್ಸ್‌ಫೀಲ್ಡ್ ಮೇಲೆ 3–1. 19 ಪಂದ್ಯಗಳಲ್ಲಿ 14 ಗೆಲುವು ಬಂದವು. 2019ರ ಮಾರ್ಚ್ 28ರಂದು ಮೂರು ವರ್ಷದ ಕರಾರಾಯಿತು. ಆಮೇಲೆ ಆಡಿದ 10 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಆ ಋತುವಿನ ಕೊನೆಯ ಎರಡು ಪಂದ್ಯಗಳ ಎದುರಾಳಿಗಳು ಯಾರು ಗೊತ್ತೆ? ಅದೇ ಹಡರ್ಸ್‌ಫೀಲ್ಡ್, ಅದೇ ಕಾರ್ಡಿಫ್. ಒಂದು 1–1, ಇನ್ನೊಂದು 0–2, ಅದೂ ಓಲ್ಡ್ ಟ್ರಾಫರ್ಡ್‌ನಲ್ಲೇ. ಆ ವರ್ಷ ಎರಡೂ ತಂಡಗಳು ಪ್ರೀಮಿಯರ್ ಲೀಗಿನಿಂದ ಕೆಳಗಿಳಿದವು.

ಇದಕ್ಕೆ ಕಾರಣ ಸರಳ. ತಂಡ ತನ್ನ ನಿಜವಾದ ಮಟ್ಟಕ್ಕಿಂತ ಕೆಳಗೆ ಬಿದ್ದಾಗಲೇ ಹಳೆಯ ಕೋಚ್ ಮನೆಗೆ ಹೋಗುವುದು. ಯಾರೇ ಬಂದು ಕೂತರೂ ಅಲ್ಲಿಂದ ಒಂದಿಷ್ಟು ಮೇಲೇಳುವುದು ಇದ್ದದ್ದೇ. ಜೊತೆಗೆ ಎದುರಾಳಿಗಳು ದುರ್ಬಲರಾಗಿದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಕನಿಷ್ಠ ಹತ್ತು ಹನ್ನೆರಡು ಪಂದ್ಯ ಕಾಯಿರಿ. ಪ್ರತಿ ಪಂದ್ಯದ ಎದುರಿಗೆ ಎದುರಾಳಿ ಪಟ್ಟಿಯ ಮೇಲಿನ, ನಡುವಿನ, ಕೆಳಗಿನ ಯಾವ ಭಾಗದ್ದು, ಆಟ ತವರಿನದೋ ಹೊರಗಿನದೋ ಎಂದು ಬರೆದುಕೊಳ್ಳಿ. ಗೋಲಿನ ಪಕ್ಕದಲ್ಲಿ ಎಕ್ಸ್‌ಜಿ ಇರಲಿ. ಸಿಕ್ಕ ಅವಕಾಶಗಳು ಎಷ್ಟು ಗೋಲಿಗೆ ಸಮ ಎಂದು ಹೇಳುವ ಅಂಕಿ ಅದು. ಒಂದು ಪೆನಾಲ್ಟಿಗೇ ಸುಮಾರು 0.78 ಸಿಗುವುದರಿಂದ ಪೆನಾಲ್ಟಿ ಕಳೆದು ನೋಡಿ. ಎಕ್ಸ್‌ಜಿ 10 ಇದ್ದು ಗೋಲು 17 ಬಂದಿದ್ದರೆ ಆ ಓಟ ಹೆಚ್ಚು ದಿನ ನಡೆಯುವುದಿಲ್ಲ. ಎದುರಾಳಿಗೆ ಬಿಟ್ಟುಕೊಟ್ಟ ಎಕ್ಸ್‌ಜಿ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮಾತ್ರ ಕೋಚ್ ಏನೋ ಕಲಿಸುತ್ತಿದ್ದಾರೆ ಎಂದು ನಂಬಬಹುದು.

ಇನ್ನು ಟ್ರೋಫಿ ಎಣಿಸುವವರು. 2024ರಲ್ಲಿ ಇಂಗ್ಲೆಂಡಿನ ಎರಡು ದೊಡ್ಡ ಕ್ಲಬ್ಬುಗಳು ಹೊರಗಿನ ಲೀಗ್ ಗೆದ್ದವರನ್ನು ಕರೆತಂದವು. ಲಿವರ್‌ಪೂಲ್‌ಗೆ ಫೆಯೆನೂರ್ಡ್‌ನಿಂದ ಆರ್ನೆ ಸ್ಲಾಟ್ ಬಂದರು, ಯುನೈಟೆಡ್‌ಗೆ ಸ್ಪೋರ್ಟಿಂಗ್‌ನಿಂದ ರೂಬೆನ್ ಅಮೋರಿಮ್. ಟ್ರೋಫಿ ಲೆಕ್ಕದಲ್ಲಿ ಅಮೋರಿಮ್ ಮುಂದು: ಪೋರ್ಚುಗಲ್ ಲೀಗ್ ಎರಡು ಸಲ ಗೆದ್ದವರು, 2021ರದು ಸ್ಪೋರ್ಟಿಂಗ್‌ಗೆ 19 ವರ್ಷಗಳ ನಂತರ ಬಂದದ್ದು. ಆದರೆ 2024–25ರ ಋತು ಮುಗಿದಾಗ ಲಿವರ್‌ಪೂಲ್ 84 ಅಂಕಗಳ ಚಾಂಪಿಯನ್, ಯುನೈಟೆಡ್ 42 ಅಂಕಗಳೊಂದಿಗೆ 15ನೇ ಸ್ಥಾನ.

ಬಂದವರ ಆಟಕ್ಕೂ ಇದ್ದ ಆಟಗಾರರಿಗೂ ಹೊಂದಿಕೆ ಇತ್ತೇ ಎಂದು ಕೇಳಬೇಕಿತ್ತು. ಸ್ಲಾಟ್ ಆಡಿಸುತ್ತಿದ್ದದ್ದು ನಾಲ್ವರು ಡಿಫೆಂಡರ್‌ಗಳು, ಅಂಚಿನಲ್ಲಿ ವಿಂಗರ್‌ಗಳು, ಮುಂದಿನಿಂದಲೇ ಪ್ರೆಸ್, ಅಂದರೆ ಚೆಂಡು ಕಸಿಯಲು ಎದುರಾಳಿಯ ಮೇಲೆ ನುಗ್ಗುವುದು. ಹಿಂದಿನ ಕೋಚ್ ಯುರ್ಗನ್ ಕ್ಲಾಪ್ ಬಿಟ್ಟುಹೋದದ್ದೂ ಅಂಥದೇ ತಂಡ. ಆ ಬೇಸಿಗೆಯಲ್ಲಿ ಬಂದು ಆ ಋತುವಿನಲ್ಲೇ ಆಡಿದ ಹೊಸಬ ಫೆಡೆರಿಕೊ ಕಿಯೇಸಾ ಒಬ್ಬರೇ. ದೊಡ್ಡ ಬದಲಾವಣೆ ನಡೆದದ್ದು ಇದ್ದವರ ನಡುವೆ: ರಯಾನ್ ಗ್ರಾವೆನ್‌ಬೆರ್ಖ್ ಅವರನ್ನು ಡಿಫೆನ್ಸ್ ಮುಂದಿನ ಮಿಡ್‌ಫೀಲ್ಡರ್ ಜಾಗಕ್ಕೆ ಇಳಿಸಿದರು, ಅವರು ಋತುವಿಡೀ ಅಲ್ಲೇ ನಿಂತರು.

ಅಮೋರಿಮ್ ಅವರದು 3-4-3, ಅಂದರೆ ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು. ಅದರಲ್ಲಿ ಒಂದು ಪಕ್ಕದ ಇಡೀ ಅಂಚನ್ನು ಒಬ್ಬನೇ ವಿಂಗ್‌ಬ್ಯಾಕ್ ಕಾಯಬೇಕು, ದಾಳಿಗೂ ಓಡಬೇಕು. ಯುನೈಟೆಡ್‌ನ ಎಡಗಾಲಿನ ಲೂಕ್ ಶಾ ಗಾಯಾಳು, ಟೈರೆಲ್ ಮಲಾಸಿಯಾ ದೀರ್ಘ ಗಾಯದಿಂದ ಆಗಷ್ಟೇ ಎದ್ದವರು. ಹಾಗಾಗಿ ಬಲಗಾಲಿನ ಡಿಯೋಗೊ ಡಾಲೊ ಎಷ್ಟೋ ಸಲ ಎಡಕ್ಕೆ ಹೋದರು. ಆಗ ಆಗುವುದೇನು? ಚೆಂಡು ಸಿಕ್ಕೊಡನೆ ಎಡಗಾಲಲ್ಲಿ ಕ್ರಾಸ್ ಮಾಡುವ (ಅಂಚಿನಿಂದ ಗೋಲಿನ ಮುಂದಕ್ಕೆ ಒದೆಯುವ) ಬದಲು ಬಲಗಾಲಿಗೆ ತೆಗೆದುಕೊಳ್ಳಲು ಒಳಗೆ ತಿರುಗಬೇಕು. ಆ ಒಂದೆರಡು ಸೆಕೆಂಡಿನಲ್ಲಿ ಎದುರಾಳಿ ಬಾಕ್ಸ್ ಒಳಗೆ ಸಾಲಾಗಿ ನಿಂತಿರುತ್ತಾನೆ. ನಡುವೆ ಇಬ್ಬರೇ ಮಿಡ್‌ಫೀಲ್ಡರ್‌ಗಳು ಮೈದಾನದ ಅಗಲವನ್ನೆಲ್ಲ ಕಾಯಬೇಕು, ಅಲ್ಲಿದ್ದ ಕಾಸೆಮೀರೊ, ಎರಿಕ್ಸನ್ ಇಬ್ಬರಿಗೂ 32 ದಾಟಿತ್ತು. ಎಡ ವಿಂಗ್‌ಬ್ಯಾಕ್ ಎಂದೇ ಪ್ಯಾಟ್ರಿಕ್ ಡೋರ್ಗು ಬಂದದ್ದು ಚಳಿಗಾಲದ ಖರೀದಿಯಲ್ಲಿ. ಅಷ್ಟರಲ್ಲಿ ಲೀಗಿನ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು.

ಸಮಯದ ತೊಂದರೆಯೂ ಇತ್ತು. ಋತು ಮುಗಿದ ಮೇಲೆ ಬರುವ ಆಸೆ ತಮಗಿತ್ತೆಂದು ಅಮೋರಿಮ್ ಅವರೇ ಹೇಳಿದ್ದರು. ಬಂದದ್ದು ನವೆಂಬರಿನಲ್ಲಿ. ಗುರುವಾರ ಯುರೋಪಾ ಲೀಗ್, ಭಾನುವಾರ ಪ್ರೀಮಿಯರ್ ಲೀಗ್. ನಡುವಿನ ದಿನಗಳು ಪ್ರಯಾಣಕ್ಕೆ, ದಣಿವಾರಿಸಿಕೊಳ್ಳುವುದಕ್ಕೆ. ಹೊಸ ವ್ಯೂಹ ಕಲಿಸಲು ದಿನ ಎಲ್ಲಿ? ಬೇರೆಯೇ ವ್ಯೂಹದ ಕೋಚನ್ನು ನಡು ಋತುವಿನಲ್ಲಿ ತರುವುದನ್ನು ಕೋಚ್‌ಗಿಂತ ಹೆಚ್ಚಾಗಿ ಆಡಳಿತ ಮಂಡಳಿಯ ಲೆಕ್ಕಕ್ಕೆ ಬರೆಯಬೇಕೆಂದೇ ನಮ್ಮ ಅಭಿಪ್ರಾಯ.

ಬೆಂಗಳೂರಿಗೆ ಬರೋಣ. ಅಳತೆ ಅದೇ, ಒಂದು ವ್ಯತ್ಯಾಸದೊಂದಿಗೆ. ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಮೈದಾನದಲ್ಲಿರುವ 11 ಜನರಲ್ಲಿ ವಿದೇಶಿಯರು ನಾಲ್ವರೇ. ಉಳಿದ ಏಳು ಭಾರತೀಯರನ್ನು ಕೋಚ್ ಎಷ್ಟು ಬಲ್ಲರು ಎನ್ನುವುದರ ಮುಂದೆ ಯುರೋಪಿನ ಹೆಸರು ಅಷ್ಟೇನೂ ತೂಗುವುದಿಲ್ಲ. ಮಾರ್ಕೊ ಪೆಜ್ಜಾಯೊಲಿ 2009ರಲ್ಲಿ ಜರ್ಮನಿಗೆ 17 ವರ್ಷದೊಳಗಿನವರ ಯುರೋಪ್ ಕಪ್ ಗೆದ್ದುಕೊಟ್ಟವರು. ಇಲ್ಲಿ 2021–22ರಲ್ಲಿ ಅವರ ಕೈಕೆಳಗೆ ತಂಡ ಆರನೆಯದಾಯಿತು. ಕಾರ್ಲೆಸ್ ಕ್ವಾದ್ರಾತ್‌ಗೆ ಮುಖ್ಯ ಕೋಚಾಗಿ ಹೇಳಿಕೊಳ್ಳುವಂಥ ಹೆಸರಿರಲಿಲ್ಲ. ಅವರು ಆಲ್ಬರ್ಟ್ ರೋಕಾ ಅವರ ಸಹಾಯಕರಾಗಿ ಇದೇ ಡ್ರೆಸಿಂಗ್ ರೂಮಿನಲ್ಲಿದ್ದವರು. 2018–19ರಲ್ಲಿ ಐಎಸ್‌ಎಲ್ ಗೆದ್ದುಕೊಟ್ಟರು.

ಜೆರಾರ್ಡ್ ಸರಗೋಸಾ ಪ್ರಕರಣವನ್ನು ನಿಮ್ಮ ಐದು ಪಂದ್ಯದ ಗೆಳೆಯರಿಗೆ ಅಗತ್ಯವಾಗಿ ಹೇಳಿ. 2023ರ ಡಿಸೆಂಬರಿನಲ್ಲಿ, ಸೈಮನ್ ಗ್ರೇಸನ್ ಹೋದ ಮೇಲೆ, ನಡು ಋತುವಿನಲ್ಲಿ ಬಂದರು. ತಂಡ 10ನೇ ಸ್ಥಾನಕ್ಕೆ ಬಿತ್ತು. ಕ್ಲಬ್ ಕೈಬಿಡಲಿಲ್ಲ. ಪೂರ್ತಿ ಪ್ರೀ-ಸೀಸನ್ (ಋತುವಿಗೆ ಮುಂಚಿನ ತಯಾರಿಯ ಕಾಲ) ಸಿಕ್ಕ 2024–25ರಲ್ಲಿ ಲೀಗಿನಲ್ಲಿ ಮೂರನೇ ಸ್ಥಾನ ಪಡೆದು ಫೈನಲ್‌ವರೆಗೆ ಹೋಯಿತು. ಅಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋತದ್ದು ಬೇರೆ ಮಾತು.

ಕಂಠೀರವದಲ್ಲಿ ಕೂತು ನೋಡುವವರಿಗೆ ಟಿವಿ ಮುಂದಿನವರಿಗಿಲ್ಲದ ಅನುಕೂಲವೊಂದಿದೆ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಸ್ಟ್ಯಾಂಡಿನಿಂದ ಇಡೀ ವ್ಯೂಹ ಕಾಣುತ್ತದೆ. ನಮ್ಮವರು ಚೆಂಡು ಕಳೆದುಕೊಂಡ ಕ್ಷಣದಿಂದ ಐದು ಎಣಿಸಿ, ಎಷ್ಟು ಜನ ಚೆಂಡಿನತ್ತ ನುಗ್ಗಿದರು, ಎಷ್ಟು ಜನ ಹಿಂದಕ್ಕೆ ಓಡಿದರು, ಎಷ್ಟು ಜನ ಸುಮ್ಮನೆ ನಿಂತರು ನೋಡಿ. ಮುಂದಿನ ಮೂವರು ನುಗ್ಗಿ ಹಿಂದಿನವರು ಹಿಂದಕ್ಕೇ ಸರಿದರೆ ನಡುವೆ ದೊಡ್ಡ ಬಯಲು ಬೀಳುತ್ತದೆ, ಅಂದರೆ ಪಾಠ ಇನ್ನೂ ತಲೆಗೆ ಹತ್ತಿಲ್ಲ. ಎಲ್ಲರೂ ಒಟ್ಟಿಗೆ ನುಗ್ಗುತ್ತಿದ್ದು 70ನೇ ನಿಮಿಷದ ಮೇಲೆ ನಿಂತುಹೋದರೆ ಪಾಠ ಹತ್ತಿದೆ, ಕಾಲಲ್ಲಿ ಕಸುವಿಲ್ಲ. ಮೊದಲನೆಯದಕ್ಕೆ ಕೋಚ್ ಉತ್ತರ ಹೇಳಬೇಕು. ಎರಡನೆಯದಕ್ಕೆ ನಡು ಋತುವಿನಲ್ಲಿ ಬಂದವರನ್ನು ದೂರಬೇಡಿ.